ಐದು ಸಾವಿರದೊಳಗೆ ಒಂದು ಪೆಡಲ್: ಮೊದಲು ವಯರು ಎಲ್ಲಿಗೆ ಹೋಗ್ತದೆ ನೋಡಿ

ಎಲೆಕ್ಟ್ರಿಕ್ ಗಿಟಾರ್ ಬಗ್ಗೆ ಇಲ್ಲಿ ಬರೆದಾಗಲೆಲ್ಲ ಇನ್‌ಬಾಕ್ಸಿಗೆ ಬಂದು ಬೀಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಬಜೆಟ್ ಇಷ್ಟು ಉಂಟು, ಯಾವ ಪೆಡಲ್ ತಗೊಳ್ಳಲಿ?" ಈ ತಿಂಗಳು ಅಂಥ ಮೂರು ಪ್ರಶ್ನೆಗಳನ್ನು ಒಟ್ಟಿಗೆ ಇಟ್ಟುಕೊಂಡು ಕೂತಿದ್ದೇನೆ.

ಒಂದು ಕಾರ್ಕಳದಿಂದ. ಸಹಕಾರಿ ಸಂಘದಲ್ಲಿ ಕೆಲಸ ಮಾಡುವ ಯುವತಿ. ಭಾನುವಾರ ಇಗರ್ಜಿಯ ಕೊಯರ್‌ನಲ್ಲಿ ಗಿಟಾರ್ ನುಡಿಸುತ್ತಾರೆ. ಎರಡನೆಯದು ಮಣಿಪಾಲದ ಪಿಜಿಯೊಂದರಲ್ಲಿರುವ ಸಾಫ್ಟ್‌ವೇರ್ ಹುಡುಗನದ್ದು. ಮೂರನೆಯದು ಮೆಸೇಜ್ ಅಲ್ಲ, ಫೋನು. ಕಾಪುವಿನ ನನ್ನ ಗೆಳೆಯ, ಹಗಲು ಮೊಬೈಲ್ ರಿಪೇರಿ, ಸೀಸನ್ನಿನಲ್ಲಿ ರಾತ್ರಿ ರಸಮಂಜರಿ ತಂಡದಲ್ಲಿ ಲೀಡ್ ಗಿಟಾರ್.

ಮೂವರ ಬಜೆಟ್ಟೂ ಸುಮಾರು ಐದು ಸಾವಿರ. ಆದರೆ ಮೂವರಿಗೂ ಒಂದೇ ಪೆಡಲ್ ಹೇಳಿದರೆ ಇಬ್ಬರ ದುಡ್ಡು ನೀರಿಗೆ ಬಿದ್ದ ಹಾಗೆ. ಕಾರ್ಕಳದವರು ಕೊನೆಗೆ ಬರೆದ ಒಂದು ಸಾಲು ನನ್ನನ್ನು ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿತು: "ತಂಗಿಯ ಕಾಲೇಜು ಫೀಸು ನನ್ನ ಸಂಬಳದಿಂದಲೇ ಹೋಗುವುದು. ಇದು ಸರಿ ಬಾರದಿದ್ದರೆ ಈ ವರ್ಷ ಇನ್ನೊಂದು ತಗೊಳ್ಳಲಿಕ್ಕೆ ಆಗುವುದಿಲ್ಲ." ಯೂಟ್ಯೂಬಿನಲ್ಲಿ ಹತ್ತು ಪೆಡಲ್ ಸಾಲಾಗಿ ಇಟ್ಟು ಒಂದೊಂದನ್ನೇ ಒತ್ತುವವರಿಗೆ ಈ ಚಿಂತೆ ಇರುವುದಿಲ್ಲ. ನಮಗೆ ಉಂಟು. ಹಾಗಾಗಿ ಇವತ್ತು ನಿಧಾನಕ್ಕೆ ಮಾತಾಡುವ.

ಇದು ಎಂಥ ಡಬ್ಬ?

ಗೊತ್ತಿರುವವರು ಈ ಭಾಗ ಹಾರಿಸಬಹುದು. ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಕೂರುವ, ಅಂಗೈಯಗಲದ ಲೋಹದ ಪೆಟ್ಟಿಗೆ. ಮೇಲೆ ಎರಡೋ ಮೂರೋ ತಿರುಗಣೆ, ಕಾಲಲ್ಲಿ ಒತ್ತಲು ಒಂದು ಸ್ವಿಚ್ಚು. ಒತ್ತಿದರೆ ಗಿಟಾರಿನ ದನಿ ಬದಲಾಗ್ತದೆ, ಮತ್ತೆ ಒತ್ತಿದರೆ ಮೊದಲಿನಂತೆ. ಕೈ ಎರಡೂ ತಂತಿಯ ಮೇಲಿರುವುದರಿಂದ ಈ ಕೆಲಸ ಕಾಲಿನ ಪಾಲಿಗೆ ಬಂತು.

ಇದರ ಹುಟ್ಟು ಒಂದು ಕೆಟ್ಟ ಯಂತ್ರದಿಂದ. 1961ರ ಹೊತ್ತಿಗೆ ಅಮೆರಿಕದ ನ್ಯಾಶ್‌ವಿಲ್ಲಿನ ಒಂದು ಸ್ಟುಡಿಯೋದಲ್ಲಿ ಮಿಕ್ಸರಿನ ಒಂದು ಭಾಗ ಕೆಟ್ಟು, ಬೇಸ್ ಗಿಟಾರಿನ ದನಿ ಒಡೆದು ಗೊರಗೊರ ಎಂದು ಬಂತು. ಆ ಒಡಕು ದನಿ ಕೇಳುಗರಿಗೆ ಹಿಡಿಸಿತು. ಅದನ್ನೇ ಬೇಕೆಂದು ಹುಟ್ಟಿಸುವ ಮೇಸ್ಟ್ರೋ ಫಜ್-ಟೋನ್ ಎಂಬ ಪೆಟ್ಟಿಗೆ 1962ರಲ್ಲಿ ಪೇಟೆಗೆ ಬಂತು. ಮೊದಲಿಗೆ ಅಷ್ಟೇನೂ ಓಡಲಿಲ್ಲ. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ 'ಸ್ಯಾಟಿಸ್‌ಫ್ಯಾಕ್ಷನ್' ಹಾಡಿನಲ್ಲಿ ಅದು ಕೇಳಿದ ಮೇಲೆ ಎಲ್ಲರಿಗೂ ಬೇಕಾಯಿತು. ಇವತ್ತು ನಾವು ಅಂಗಡಿಯಲ್ಲಿ ನೋಡುವ, ಅರ್ಧ ಭಾಗ ಕಾಲಿಡುವ ಹಲಗೆಯೇ ಆಗಿರುವ ಪುಟ್ಟ ಪೆಡಲಿನ ಆಕಾರ ಜಪಾನಿನ ಬಾಸ್ ಕಂಪೆನಿ 1977ರಲ್ಲಿ ತಂದದ್ದು. ಅವರ ಕಿತ್ತಳೆ ಬಣ್ಣದ ಡಿಎಸ್-1 ಡಿಸ್ಟಾರ್ಷನ್ 1978ರಿಂದ ಇಂದಿಗೂ ತಯಾರಾಗ್ತಾ ಉಂಟು.

ಬಗೆಗಳು ಬಹಳ. ಮೊದಲ ಖರೀದಿಗೆ ಇಷ್ಟು ಗೊತ್ತಿದ್ದರೆ ಸಾಕು:

ಓವರ್‌ಡ್ರೈವ್: ದನಿ ಸ್ವಲ್ಪ ಒಡೆಯುತ್ತದೆ. ಮೆಲ್ಲ ಮೀಟಿದರೆ ಸಾಫ್, ಜೋರಾಗಿ ಮೀಟಿದರೆ ಖಾರ.
ಡಿಸ್ಟಾರ್ಷನ್: ಹೇಗೆ ಮೀಟಿದರೂ ಖಾರ. ರಾಕ್, ಮೆಟಲ್.
ಕೋರಸ್: ಒಂದೇ ಗಿಟಾರ್ ಎರಡು ಗಿಟಾರಿನಂತೆ ಅಲೆಯಾಡುತ್ತದೆ.
ಡಿಲೇ: ನುಡಿಸಿದ್ದು ಪ್ರತಿಧ್ವನಿಯಾಗಿ ಮರಳಿ ಬರುತ್ತದೆ.
ರಿವರ್ಬ್: ದೊಡ್ಡ ಹಾಲ್‌ನಲ್ಲಿ ನುಡಿಸಿದ ಭಾಸ.
ಲೂಪರ್: ನುಡಿಸಿದ್ದನ್ನು ಹಿಡಿದಿಟ್ಟು ಸುತ್ತಿಸುತ್ತದೆ, ಅದರ ಮೇಲೆ ನೀವು ಇನ್ನೊಂದು ನುಡಿಸಬಹುದು.
ಮಲ್ಟಿ ಎಫೆಕ್ಟ್: ಇವೆಲ್ಲ ಒಂದೇ ಡಿಜಿಟಲ್ ಪೆಟ್ಟಿಗೆಯೊಳಗೆ.

ಅಸಲು ಪ್ರಶ್ನೆ: ಆಂಪಿಗಾ, ಮಿಕ್ಸರಿಗಾ?

ಪೆಡಲ್ ಬಗ್ಗೆ ಬರುವ ಹೆಚ್ಚಿನ ವಿಡಿಯೋಗಳಲ್ಲಿ ಒಂದು ವಿಷಯ ಹೇಳದೆಯೇ ಒಪ್ಪಿಕೊಂಡಿರುತ್ತಾರೆ. ಪೆಡಲಿನಿಂದ ಹೊರಟ ವಯರು ಒಂದು ಗಿಟಾರ್ ಆಂಪಿಗೆ ಹೋಗುತ್ತದೆ ಅಂತ. ನಮ್ಮ ಊರಿನಲ್ಲಿ ಹಾಗಾ? ಇಗರ್ಜಿಯಲ್ಲಿ, ಮದುವೆ ಹಾಲ್‌ನಲ್ಲಿ, ರೋಸ್ ಕಾರ್ಯಕ್ರಮದಲ್ಲಿ, ಜಾತ್ರೆಯ ರಸಮಂಜರಿಯಲ್ಲಿ ಗಿಟಾರ್ ಆಂಪ್ ಕಾಣಸಿಗುವುದು ಅಪರೂಪ. ಸೌಂಡಿನವರು ಒಂದು ವಯರು ಕೊಟ್ಟು "ಇದಕ್ಕೆ ಹಾಕಿ" ಅಂತಾರೆ. ಅದು ನೇರ ಮಿಕ್ಸರಿಗೆ ಹೋಗುತ್ತದೆ.

ಇಲ್ಲೇ ದೊಡ್ಡ ವ್ಯತ್ಯಾಸ. ಗಿಟಾರ್ ಆಂಪಿನ ಸ್ಪೀಕರ್ ಸಾಮಾನ್ಯ ಸ್ಪೀಕರಿನಂತಲ್ಲ. ಸುಮಾರು 5 ಕಿಲೋಹರ್ಟ್ಜ್ ದಾಟಿದ ಮೇಲಿನ ಚೂಪು ದನಿಯನ್ನು ಅದು ತಾನಾಗಿಯೇ ಕಡಿಮೆ ಮಾಡುತ್ತದೆ. ಡಿಸ್ಟಾರ್ಷನ್ ಪೆಡಲ್ ಹುಟ್ಟಿಸುವ ಚರಚರ ಎಲ್ಲ ಅಲ್ಲಿ ಸೋಸಿ ಹೋಗಿ ದಪ್ಪ ದನಿ ಮಾತ್ರ ನಮ್ಮ ಕಿವಿಗೆ ಬರುವುದು. ಅದೇ ಪೆಡಲನ್ನು ಮಿಕ್ಸರಿಗೆ ಹಾಕಿದರೆ ಸೋಸುವವರು ಯಾರೂ ಇಲ್ಲ. ಪಿಎ ಸ್ಪೀಕರಿನ ಟ್ವೀಟರ್ ಎಲ್ಲವನ್ನೂ ಹಾಗೇ ಕಕ್ಕುತ್ತದೆ. ಕಾದ ಬಾಣಲೆಗೆ ನೀರು ಚಿಮುಕಿಸಿದ ಹಾಗೆ ಕೇಳ್ತದೆ. "ವಿಡಿಯೋದಲ್ಲಿ ಎಷ್ಟು ಚಂದ ಇತ್ತು, ಇಲ್ಲಿ ಎಂತ ಹೀಗೆ?" ಅಂತ ಕೇಳುವವರ ಹೆಚ್ಚಿನ ಗೋಳು ಇದೇ. ಪೆಡಲ್ ಕೆಟ್ಟದ್ದಲ್ಲ, ಅದನ್ನು ಹಾಕಿದ ಜಾಗ ಬೇರೆ.

ಇನ್ನೊಂದು ಸಂಗತಿ. ಗಿಟಾರಿನಿಂದ ಬರುವ ಸಿಗ್ನಲ್ ತುಂಬ ನಾಜೂಕು. ಪೆಡಲ್ ಅಥವಾ ಆಂಪಿನ ಒಳದ್ವಾರ ಸಾಮಾನ್ಯವಾಗಿ ಹತ್ತು ಲಕ್ಷ ಓಮ್ ಆಸುಪಾಸಿನದು, ಅಂದರೆ ಗಿಟಾರಿನಿಂದ ಹೆಚ್ಚೇನೂ ಎಳೆದುಕೊಳ್ಳುವುದಿಲ್ಲ. ಮಿಕ್ಸರಿನ ಲೈನ್ ಇನ್‌ಪುಟ್ ಹತ್ತಿಪ್ಪತ್ತು ಸಾವಿರ ಓಮಿನದು. ಬರಿಯ ಗಿಟಾರನ್ನು ಅದಕ್ಕೆ ಸಿಕ್ಕಿಸಿದರೆ ಮೇಲಿನ ಹೊಳಪೆಲ್ಲ ಹೋಗಿ ಕಂಬಳಿ ಹೊದ್ದ ದನಿ. ನಡುವೆ ಬಫರ್ ಇರುವ ಒಂದು ಪೆಡಲ್ ಇದ್ದರೆ ಈ ತೊಂದರೆ ತಪ್ಪುತ್ತದೆ. ಆಫ್ ಮಾಡಿದರೂ ಅದು ಒಳಗೆ ಕೆಲಸ ಮಾಡುತ್ತಿರುತ್ತದೆ. ಬಾಸ್ ಕಂಪೆನಿಯ ಹೆಚ್ಚಿನ ಪುಟ್ಟ ಪೆಡಲುಗಳು ಈ ಬಗೆಯವು. 'ಟ್ರೂ ಬೈಪಾಸ್' ಅಂತ ಡಬ್ಬದ ಮೇಲೆ ಹೆಮ್ಮೆಯಿಂದ ಬರೆದದ್ದು ಆಫ್ ಮಾಡಿದಾಗ ಬರಿಯ ವಯರಿನಂತೆ ಇರುತ್ತದೆ. ಅದೇನೂ ದೋಷ ಅಲ್ಲ, ಆದರೆ ಉದ್ದ ಕೇಬಲಿಗೆ, ಮಿಕ್ಸರಿಗೆ ಅದರಿಂದ ಸಹಾಯ ಸಿಗುವುದಿಲ್ಲ.

ಹಾಗಾಗಿ ಮಾಡೆಲ್ ಹೆಸರು ನೋಡುವ ಮೊದಲು ನಿಮ್ಮ ವಯರು ಕೊನೆಗೆ ಎಲ್ಲಿ ಹೋಗಿ ಸೇರುತ್ತದೆ ನೋಡಿ. ಈಗ ಒಬ್ಬೊಬ್ಬರಾಗಿ.

ಕಾರ್ಕಳ: ಕೊಯರಿಗೆ

ನಿಮ್ಮದು ಮಿಕ್ಸರ್ ಪ್ರಪಂಚ. ಮನೆಯಲ್ಲಿ ಹತ್ತು ವ್ಯಾಟಿನ ಸಣ್ಣ ಆಂಪ್ ಉಂಟು ಅಂದಿದ್ದೀರಿ, ಆದರೆ ಜನ ಕೇಳುವುದು ಇಗರ್ಜಿಯ ಸ್ಪೀಕರಿನಲ್ಲಿ. ಅತ್ತೂರಿನಲ್ಲಿ ಜನವರಿಯ ಸಾಂತ್‌ಮಾರಿಯ ಜನಸಾಗರವನ್ನು ನೋಡಿದವರಿಗೆ ಗೊತ್ತು, ಅಂಥ ದಿನ ಹಾಡಿನ ಮಾತು ಜನರಿಗೆ ತಲುಪಬೇಕು. ಗಿಟಾರ್ ಅದರ ಕೆಳಗೆ ಹಾಸಿದ ಚಾಪೆಯಂತೆ ಇದ್ದರೆ ಸಾಕು.

ನಿಮಗೆ ಬೇಕಾದ್ದು ಡಿಸ್ಟಾರ್ಷನ್ ಅಲ್ಲ. ಆಂಪು ಮತ್ತು ಅದರ ಸ್ಪೀಕರ್, ಎರಡರ ದನಿಯನ್ನೂ ಅನುಕರಿಸಿ ಮಿಕ್ಸರಿಗೆ ಕೊಡುವ ಪೆಡಲ್. ಈ ಜಾತಿಯ ಹಿರಿಯಣ್ಣ 1989ರಲ್ಲಿ ಬಂದ ಸ್ಯಾನ್ಸ್‌ಆಂಪ್. ಅದು ದುಬಾರಿ. ಅದೇ ದಾರಿಯಲ್ಲಿ ನಡೆಯುವ ಅಗ್ಗದ ಪೆಟ್ಟಿಗೆ ಜೋಯೋ ಕಂಪೆನಿಯ ಅಮೆರಿಕನ್ ಸೌಂಡ್. ಲೆವೆಲ್, ಡ್ರೈವ್, ವಾಯ್ಸ್, ಜೊತೆಗೆ ಲೋ, ಮಿಡ್, ಹೈ ಅಂತ ಆರು ತಿರುಗಣೆ. ನಿಮ್ಮ ಬಜೆಟ್ಟಿನೊಳಗೆ ಬರುತ್ತದೆ. ಡ್ರೈವನ್ನು ಪೂರಾ ಕೆಳಗಿಟ್ಟರೆ ಸ್ವಚ್ಛ ದನಿ. ಒಂದಿಷ್ಟು ಏರಿಸಿದರೆ ಮದುವೆಯ ಹಾಡಿಗೆ ಬೇಕಾದ ಬಿಸಿ. ಮಿಕ್ಸರಿನಲ್ಲಿ ಚೂಪು ಅನಿಸಿದರೆ ಮೊದಲು 'ಹೈ' ಇಳಿಸಿ, ಆಮೇಲೆ 'ಲೋ' ಇಳಿಸಿ. ಕೀಬೋರ್ಡಿನ ಎಡಗೈ ಇರುವ ಕಡೆ ಗಿಟಾರಿನ ಗುಂಯ್ ಎನ್ನುವ ತಳದನಿ ಬೇಡ.

ರಿವರ್ಬ್ ಪೆಡಲ್ ಕೂಡ ಬೇಕಾ ಅಂತ ಕೇಳಿದ್ದೀರಿ. ಬೇಡ. ಈಗಿನ ಸಣ್ಣ ಮಿಕ್ಸರುಗಳಲ್ಲೂ ರಿವರ್ಬ್ ಇರುತ್ತದೆ, ಮೈಕಿಗೆ ಹಾಕುವುದನ್ನೇ ಗಿಟಾರಿಗೂ ಒಂದು ಚೂರು ಹಾಕಲು ಹೇಳಿ. ಎತ್ತರದ ಮಾಡಿನ ಇಗರ್ಜಿಯಾದರೆ ಅದೂ ಬೇಡ, ಕಟ್ಟಡವೇ ಪುಕ್ಕಟೆ ಕೊಡುತ್ತದೆ.

ಇನ್ನು ಒಂದು ಮಾತು. ತಗೊಳ್ಳುವ ಮೊದಲು ಒಂದು ಭಾನುವಾರ ಪೂಜೆ ಮುಗಿದ ಮೇಲೆ ಯಾರಿಂದಾದರೂ ಇಂಥದ್ದೊಂದು ಪೆಡಲ್ ಕೇಳಿ ತಂದು ನಿಮ್ಮದೇ ಮಿಕ್ಸರಿಗೆ ಹಾಕಿ ನೋಡಿ. ಉಡುಪಿ, ಕಾರ್ಕಳದ ಕಡೆ ಕೊಯರ್ ಗಿಟಾರಿಸ್ಟುಗಳು ಒಬ್ಬರಿಗೊಬ್ಬರು ಗುರುತಿನವರೇ. ಅರ್ಧ ಗಂಟೆಯ ಆ ಪರೀಕ್ಷೆ ನಿಮ್ಮ ಒಂದು ವರ್ಷದ ಚಿಂತೆ ಉಳಿಸುತ್ತದೆ.

ಮಣಿಪಾಲ: ಪಿಜಿ ರೂಮಿಗೆ

ರಾತ್ರಿ ಒಂಬತ್ತಕ್ಕೆ ಆಫೀಸಿನಿಂದ ಬಂದು, ಗೋಡೆಯಾಚೆ ಪರೀಕ್ಷೆಗೆ ಓದುವ ಮೆಡಿಕಲ್ ವಿದ್ಯಾರ್ಥಿ ಇರುವಾಗ ಗಿಟಾರ್ ನುಡಿಸಬೇಕು. ಆಂಪ್ ಇಲ್ಲ, ಇಟ್ಟರೂ ಓನರ್ ಆಂಟಿ ಬಿಡುವುದಿಲ್ಲ. ಇವರು ಕೇಳಿದ್ದು "ಡಿಎಸ್-1 ಒಳ್ಳೆಯದಾ, ಟ್ಯೂಬ್ ಸ್ಕ್ರೀಮರ್ ಒಳ್ಳೆಯದಾ?" ಎರಡೂ ಒಳ್ಳೆಯದೇ, ನಿಮಗೆ ಎರಡೂ ಬೇಡ. ಅವುಗಳಿಗೆ ಹೆಡ್‌ಫೋನ್ ಸಿಕ್ಕಿಸುವ ತೂತೇ ಇಲ್ಲ.

ನಿಮಗೆ ಬೇಕಾದ್ದು ಹೆಡ್‌ಫೋನ್ ಹಾಕಬಹುದಾದ ಸಣ್ಣ ಮಲ್ಟಿ ಎಫೆಕ್ಟ್. ಜೂಮ್ ಕಂಪೆನಿಯ ಜಿ1 ಫೋರ್ ಒಂದು ಉದಾಹರಣೆ. ಆಂಪುಗಳ ದನಿ, ಹತ್ತಾರು ಎಫೆಕ್ಟು, ಟ್ಯೂನರ್, ಲೂಪರ್, ತಾಳಕ್ಕೆ ಡ್ರಮ್ಮು, ಎಲ್ಲ ಒಂದರಲ್ಲೇ. ನಾಲ್ಕು ಪೆನ್ಸಿಲ್ ಸೆಲ್ ಹಾಕಿದರೂ ಓಡುತ್ತದೆ, ಮಳೆಗಾಲದಲ್ಲಿ ಕರೆಂಟು ಹೋದಾಗ ಇದು ಸಣ್ಣ ಉಪಕಾರ ಅಲ್ಲ. ಹೊಸತಾದರೆ ಐದು ಸಾವಿರ ದಾಟುತ್ತದೆ. ಆದರೆ ನೀವಿರುವುದು ಮಣಿಪಾಲದಲ್ಲಿ. ಕೋರ್ಸ್ ಮುಗಿಸಿ ಊರಿಗೆ ಹೊರಡುವ ವಿದ್ಯಾರ್ಥಿಗಳು ಕೂಲರು, ಸೈಕಲ್ಲು, ಗಿಟಾರು ಎಲ್ಲ ಮಾರಿಯೇ ಹೋಗುವುದು. ಕಾಲೇಜು ಗುಂಪುಗಳ ಮೇಲೆ ಒಂದು ಕಣ್ಣಿಟ್ಟರೆ ನಿಮ್ಮ ಬಜೆಟ್ಟಿಗೆ ಇಂಥದ್ದು ಸಿಗುವ ಸಾಧ್ಯತೆ ಚೆನ್ನಾಗಿಯೇ ಉಂಟು.

ಎರಡು ಎಚ್ಚರಿಕೆ. ಯುಎಸ್‌ಬಿ ತೂತು ಇದೆ ಅಂದ ಮಾತ್ರಕ್ಕೆ ಅದರಿಂದ ಲ್ಯಾಪ್‌ಟಾಪಿಗೆ ರೆಕಾರ್ಡ್ ಮಾಡಬಹುದು ಅಂತಲ್ಲ. ಕೆಲವದರಲ್ಲಿ ಅದು ಸಾಫ್ಟ್‌ವೇರ್ ಅಪ್‌ಡೇಟಿಗೆ ಮಾತ್ರ. 'ಆಡಿಯೋ ಇಂಟರ್‌ಫೇಸ್' ಅಂತ ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ನಂಬಿ. ಇನ್ನೊಂದು, ನೂರು ದನಿ ಸಿಕ್ಕಿದಾಗ ಜನ ನುಡಿಸುವುದು ಬಿಟ್ಟು ತಿರುಗಣೆ ತಿರುಗಿಸುತ್ತಾ ಕೂರುತ್ತಾರೆ. ದಿನಕ್ಕೆ ನಿಮಗೆ ಸಿಗುವುದೇ ನಲವತ್ತು ನಿಮಿಷ. ಒಂದು ಸ್ವಚ್ಛ, ಒಂದು ಖಾರ, ಒಂದು ಡಿಲೇ, ಹೀಗೆ ಮೂರು ದನಿ ಮಾಡಿಟ್ಟುಕೊಂಡು ತಿಂಗಳು ಅದರಲ್ಲೇ ನುಡಿಸಿ.

ಮನೆಯಲ್ಲಿ ಆಂಪ್ ಇರುವ ಬೇರೆ ಓದುಗರಿಗೆ ಆ ಹಳೆಯ ಪ್ರಶ್ನೆಗೆ ಉತ್ತರ: ಟ್ಯೂಬ್ ಸ್ಕ್ರೀಮರ್, ಬಾಸ್ ಎಸ್‌ಡಿ-1ರಂಥ ಓವರ್‌ಡ್ರೈವ್‌ಗಳು ಅತ್ಯಂತ ಚಂದ ಕೇಳುವುದು ಮೊದಲೇ ಸ್ವಲ್ಪ ಒಡೆಯುತ್ತಿರುವ ವಾಲ್ವ್ ಆಂಪನ್ನು ಇನ್ನಷ್ಟು ನೂಕುವಾಗ. ಒಗ್ಗರಣೆಯಂತೆ, ಕೆಳಗೆ ಸಾರು ಇರಬೇಕು. ನಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿರುವ ಸಣ್ಣ ಟ್ರಾನ್ಸಿಸ್ಟರ್ ಆಂಪಿನ ಸ್ವಚ್ಛ ಚಾನೆಲಿಗೆ ಹಾಕಿದರೆ ಅವು ತೆಳ್ಳಗೆ ಕೇಳಬಹುದು. ಅಲ್ಲಿ ಡಿಎಸ್-1ರಂಥ ಡಿಸ್ಟಾರ್ಷನ್ ಒಂದೇ ನಿಂತು ಕೆಲಸ ಮಾಡುತ್ತದೆ. ಒಳಗಿನ ಕಾರಣ ಸರಳ. ಎರಡರಲ್ಲೂ ಡಯೋಡುಗಳು ಅಲೆಯ ತಲೆ ಕತ್ತರಿಸುತ್ತವೆ. ಓವರ್‌ಡ್ರೈವಿನಲ್ಲಿ ಮೆಲ್ಲಗೆ ದುಂಡಗೆ ಕತ್ತರಿಸುತ್ತವೆ, ಡಿಎಸ್-1ರಲ್ಲಿ ಕತ್ತಿಯಲ್ಲಿ ಕಡಿದ ಹಾಗೆ.

ಕಾಪು: ರಸಮಂಜರಿಗೆ

ಗೆಳೆಯನ ಲೆಕ್ಕ ಬೇರೆ. "ಎರಡು ಪ್ರೋಗ್ರಾಮಿನಲ್ಲಿ ಪೆಡಲಿನ ದುಡ್ಡು ಹುಟ್ಟಬೇಕು ಮಾರಾಯ, ಇಲ್ಲದಿದ್ದರೆ ನನಗೆ ಬೇಡ" ಅಂದ. ಅವನಿಗೆ ಇದು ಹವ್ಯಾಸ ಅಲ್ಲ, ಸೀಸನ್ನಿನ ಆರು ತಿಂಗಳ ಎರಡನೇ ಸಂಬಳ.

ರಾತ್ರಿಗೆ ಇಪ್ಪತ್ತು ಹಾಡು. ಒಂದು ರಾಜ್‌ಕುಮಾರ್ ಹಾಡು, ಅದರ ಹಿಂದೆಯೇ ತುಳು ಸಿನಿಮಾದ್ದು, ಆಮೇಲೆ ಹುಡುಗರು ಕೂಗಿ ಕೇಳುವ ಹೊಸ ಹಾಡು. 80-90ರ ದಶಕದ ಹಾಡಿಗೆ ಕೋರಸ್ ಬೇಕು. ಈ ಅಲೆಯಾಡುವ ದನಿ 1975ರ ರೋಲಂಡ್ ಜೆಸಿ-120 ಆಂಪಿನಲ್ಲಿ ಮೊದಲು ಬಂದು, ಮರುವರ್ಷ ಸಿಇ-1 ಎಂಬ ಪೆಡಲಾಗಿ ಪ್ರಪಂಚ ಸುತ್ತಿತು. ಹೊಸ ಹಾಡಿಗೆ ಡಿಸ್ಟಾರ್ಷನ್, ಮೆಲೊಡಿಗೆ ಡಿಲೇ. ನಾಲ್ಕು ಬಿಡಿ ಪೆಡಲ್ ಕೊಂಡರೆ ಬಜೆಟ್ ಮೂರು ಪಟ್ಟು, ಕೂಡಿಸುವ ಸಣ್ಣ ಕೇಬಲುಗಳಲ್ಲಿ ಯಾವುದೋ ಒಂದು ನಡುರಾತ್ರಿ ಕೈಕೊಡುತ್ತದೆ. ಅವನಿಗೂ ಮಲ್ಟಿಯೇ ಸರಿ. ಆದರೆ ಅವನ ಷರತ್ತು ಮಣಿಪಾಲದ ಹುಡುಗನದ್ದಲ್ಲ. ಹೆಡ್‌ಫೋನ್ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಅವನು ನೋಡಬೇಕಾದ್ದು ಮೂರು: ಕಾಲಿನ ಸ್ವಿಚ್ಚು ಗಟ್ಟಿ ಇದೆಯಾ, ಕತ್ತಲೆ ಸ್ಟೇಜಿನಲ್ಲಿ ಪರದೆಯ ಅಕ್ಷರ ನಿಂತಲ್ಲಿಂದ ಓದಲು ಆಗ್ತದಾ, ಒಂದು ದನಿಯಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಮೌನ ಬೀಳ್ತದಾ. ದನಿಗಳನ್ನು ಹಾಡಿನ ಪಟ್ಟಿಯ ಕ್ರಮದಲ್ಲೇ ಜೋಡಿಸಿಟ್ಟರೆ ಒಂದೇ ಸ್ವಿಚ್ಚು ಒತ್ತುತ್ತಾ ಹೋಗಬಹುದು. ಎಲ್ಲ ದನಿಗಳ ಗಟ್ಟಿತನ ಒಂದೇ ಮಟ್ಟದಲ್ಲಿಡಲು ಮನೆಯಲ್ಲೇ ಒಂದು ಸಂಜೆ ಕೊಡಬೇಕು. ಇಲ್ಲದಿದ್ದರೆ ಕೋರಸ್ ಕೇಳುವುದೇ ಇಲ್ಲ, ಡಿಸ್ಟಾರ್ಷನ್ ಬಂದಾಗ ಸೌಂಡಿನವನು ಓಡಿ ಬಂದು ಫೇಡರ್ ಇಳಿಸುತ್ತಾನೆ, ಮುಂದಿನ ಹಾಡಿಗೆ ಏರಿಸಲು ಮರೆಯುತ್ತಾನೆ.

"ಅಣ್ಣ, ಶಾಕ್ ಹೊಡೀತದೆ" ಅಂತ ತಂಡದ ಹುಡುಗಿಯೊಬ್ಬಳು ಮೈಕ್ ಬಿಟ್ಟು ಹಿಂದೆ ಸರಿದದ್ದನ್ನು ಅವನೇ ಹೇಳಿದ. ಇದನ್ನು ತಮಾಷೆಗೆ ಬಿಡಬೇಡಿ. ಗಿಟಾರಿನ ತಂತಿಗಳು ಕೇಬಲಿನ ಮೂಲಕ ಆಂಪಿನ ಅಥವಾ ಪೆಡಲ್ ಸಪ್ಲೈಯ ಗ್ರೌಂಡಿಗೆ ಸೇರಿರುತ್ತವೆ, ಮೈಕು ಮಿಕ್ಸರಿನ ಗ್ರೌಂಡಿಗೆ. ಜನರೇಟರಿನ ತಾತ್ಕಾಲಿಕ ವಯರಿಂಗಿನಲ್ಲಿ ಒಂದಕ್ಕೆ ಅರ್ಥ್ ಇಲ್ಲದಿದ್ದರೆ, ತಂತಿ ಹಿಡಿದ ಕೈ ಮತ್ತು ಮೈಕಿಗೆ ತಾಗಿದ ತುಟಿಯ ನಡುವೆ ನಿಮ್ಮ ದೇಹವೇ ವಯರಾಗುತ್ತದೆ. ಒದ್ದೆ ನೆಲವಾದರೆ ಇನ್ನೂ ಅಪಾಯ. ಮಾಡಬೇಕಾದ್ದು ಇಷ್ಟು: ಸ್ಟೇಜಿನ ಗಿಟಾರು, ಮಿಕ್ಸರು ಎಲ್ಲದಕ್ಕೂ ಒಂದೇ ಬೋರ್ಡಿನಿಂದ ಅರ್ಥ್ ಇರುವ ಕರೆಂಟ್ ತಗೊಳ್ಳಿ. ಹಮ್ ಬರ್ತದೆ ಅಂತ ಮೂರನೇ ಪಿನ್ ಮುರಿಯಬೇಡಿ, ಯಾರು ಹೇಳಿದರೂ ಬೇಡ. ಮುನ್ನೂರು ನಾನೂರು ರೂಪಾಯಿಯ ಮಲ್ಟಿಮೀಟರನ್ನು ಎಸಿ ವೋಲ್ಟಿನಲ್ಲಿಟ್ಟು ಒಂದು ಕಡ್ಡಿ ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ ತಾಗಿಸಿ. ಸೊನ್ನೆಯ ಹತ್ತಿರ ಇರಬೇಕು. ಹತ್ತಾರು ವೋಲ್ಟ್ ತೋರಿಸಿದರೆ ಎಲೆಕ್ಟ್ರಿಷಿಯನ್ ಬಂದು ಸರಿ ಮಾಡುವ ತನಕ ಯಾರೂ ಮೈಕ್ ಮುಟ್ಟಬಾರದು, ಎಷ್ಟು ಜನ ಕುರ್ಚಿಯಲ್ಲಿ ಕೂತು ಕಾಯುತ್ತಿದ್ದರೂ. ಪೆಡಲಿಗೆ ಐದು ಸಾವಿರ ಕೊಡುವ ಗೆಳೆಯನ ಹತ್ತಿರ ಮೊದಲು ಈ ಮೀಟರ್ ತಗೊಳ್ಳಲು ಹೇಳಿದ್ದೇನೆ. ತಗೊಂಡಿದ್ದಾನೆ.

ಬೆಲೆಯಲ್ಲಿ ಕಾಣದ ಖರ್ಚು

ಐದು ಸಾವಿರ ಅಂದರೆ ಪೆಡಲಿಗೆ ಐದು ಸಾವಿರ ಅಲ್ಲ. ಅಡಾಪ್ಟರು, ಇನ್ನೊಂದು ಕೇಬಲು ಬೇಕು. ಸಾವಿರ ರೂಪಾಯಿ ಅದಕ್ಕೆ ತೆಗೆದಿಟ್ಟು ಉಳಿದದ್ದರಲ್ಲಿ ಪೆಡಲ್ ನೋಡಿ.

ಅಡಾಪ್ಟರಿನಲ್ಲಿ ಮೂರು ಸಂಗತಿ. ಬಹುಪಾಲು ಪುಟ್ಟ ಪೆಡಲುಗಳಿಗೆ 9 ವೋಲ್ಟ್ ಡಿಸಿ, ಪಿನ್ನಿನ ನಡುವೆ ನೆಗೆಟಿವ್. ಮನೆಯ ವೈಫೈ ರೂಟರಿನ ಅಡಾಪ್ಟರ್ ನೋಡಲು ಒಂದೇ ಥರ ಇರುತ್ತದೆ, ಆದರೆ ಸಾಮಾನ್ಯವಾಗಿ 12 ವೋಲ್ಟ್, ನಡುವೆ ಪಾಸಿಟಿವ್. ಸಿಕ್ಕಿಸಿದರೆ ಪೆಡಲ್ ಸುಟ್ಟು ಹೋಗಬಹುದು. ಮೂರನೆಯದು ಮಿಲಿಆಂಪ್. ಪೆಡಲ್ ಕೇಳುವುದಕ್ಕಿಂತ ಅಡಾಪ್ಟರ್ ಹೆಚ್ಚು ಕೊಡುವಂತಿದ್ದರೆ ತೊಂದರೆ ಇಲ್ಲ, ಪೆಡಲ್ ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತದೆ. ಕಮ್ಮಿ ಇದ್ದರೆ ತೊಂದರೆ.

ಬ್ಯಾಟರಿಯಲ್ಲೇ ಓಡಿಸುವುದಾದರೆ ಸಣ್ಣ ಲೆಕ್ಕ. ಒಳ್ಳೆಯ 9 ವೋಲ್ಟ್ ಆಲ್ಕಲೈನ್ ಬ್ಯಾಟರಿಯಲ್ಲಿ ಸುಮಾರು 500 ಮಿಲಿಆಂಪ್ ಅವರ್ ಇರುತ್ತದೆ. ಅನಲಾಗ್ ಓವರ್‌ಡ್ರೈವ್ 10 ಮಿಲಿಆಂಪ್ ತಿಂದರೆ 50 ಗಂಟೆ. ಡಿಜಿಟಲ್ ಡಿಲೇ 70 ತಿಂದರೆ ಏಳು ಗಂಟೆಯೂ ಕಷ್ಟ. ಹಾಗಾಗಿ ಓವರ್‌ಡ್ರೈವಿಗೆ ಬ್ಯಾಟರಿ ಸರಿ, ಡಿಜಿಟಲ್‌ಗೆ ಅಡಾಪ್ಟರೇ ಗತಿ. ಹೆಚ್ಚಿನ ಪೆಡಲುಗಳಲ್ಲಿ ಇನ್‌ಪುಟ್ ಜಾಕೇ ಬ್ಯಾಟರಿಯ ಸ್ವಿಚ್ಚು. ಕಾಲಲ್ಲಿ ಆಫ್ ಮಾಡಿದರೂ ಕೇಬಲ್ ಸಿಕ್ಕಿಸಿಯೇ ಇಟ್ಟರೆ ಬ್ಯಾಟರಿ ಇಳಿಯುತ್ತಲೇ ಇರುತ್ತದೆ. ನುಡಿಸಿ ಆದ ಮೇಲೆ ಕೇಬಲ್ ಎಳೆದಿಡಿ.

ಸೆಕೆಂಡ್ ಹ್ಯಾಂಡ್ ನೋಡುವಾಗ

ನಿಮ್ಮ ಗಿಟಾರು, ನಿಮ್ಮ ಕೇಬಲು, ಒಂದು ಹೊಸ ಬ್ಯಾಟರಿ ಹಿಡಿದುಕೊಂಡು ಹೋಗಿ. ಮಾರುವವರ ಕೇಬಲಿನಲ್ಲಿ ಪರೀಕ್ಷೆ ಮಾಡಿದರೆ ಗರಗರ ಬಂದಾಗ ತಪ್ಪು ಯಾರದ್ದು ಅಂತ ತಿಳಿಯುವುದಿಲ್ಲ. ಸ್ವಿಚ್ಚನ್ನು ಇಪ್ಪತ್ತು ಸಲ ಒತ್ತಿ. ಎಲ್ಲ ತಿರುಗಣೆಗಳನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ, ಗರಗರ ಅಂದರೆ ಧೂಳು, ಕ್ಲೀನರ್ ಸ್ಪ್ರೇಯಲ್ಲಿ ಹೋಗಬಹುದು. ನಡುವೆ ದನಿಯೇ ಸತ್ತರೆ ಬಿಡಿ. ಜಾಕನ್ನು ಮೆಲ್ಲಗೆ ಅಲ್ಲಾಡಿಸಿ. ಬ್ಯಾಟರಿಯ ಬಾಗಿಲು ತೆಗೆದು ಹಸುರು ಅಥವಾ ಬಿಳಿ ಹುಡಿ ಉಂಟಾ ನೋಡಿ. ಇದ್ದರೆ ಅಲ್ಲಿ ಬ್ಯಾಟರಿ ಸೋರಿದೆ.

ಆನ್‌ಲೈನಿನಲ್ಲಿ ಹೆಸರಾಂತ ಪೆಡಲ್ ಅರ್ಧ ಬೆಲೆಗೆ ಹೊಸತೇ ಅಂತ ಕಂಡರೆ ನಕಲಿ ಇರಬಹುದು, ಮುಟ್ಟಬೇಡಿ. ನಿಮ್ಮ ಹಳೆಯ ಪೆಡಲ್ ಮಾರುವಾಗ 'ದುಡ್ಡು ಕಳಿಸ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ' ಅಂದರೆ ಫೋನ್ ಇಡಿ. ಯುಪಿಐಯಲ್ಲಿ ದುಡ್ಡು ಪಡೆಯಲು ಪಿನ್ ಬೇಡವೇ ಬೇಡ, ಕೊಡಲು ಮಾತ್ರ.

ಉಪ್ಪುಗಾಳಿ, ಮಳೆಗಾಲ

ಬೆಂಗಳೂರಿನವರ ಸಲಹೆಯಲ್ಲಿ ಸಿಗದ ಮಾತು ಇದು. ನಮ್ಮ ಕರಾವಳಿಯಲ್ಲಿ ಪೆಡಲಿನ ಶತ್ರು ಕಾಲಿನ ಒದೆತ ಅಲ್ಲ, ಗಾಳಿ. ಕಾಪು ದೀಪಸ್ತಂಭದ ಹತ್ತಿರದ ಮನೆಗಳಲ್ಲಿ ಕಿಟಕಿಯ ಕಬ್ಬಿಣ ಏನಾಗುತ್ತದೆ ನೋಡಿ, ಅದೇ ಕೆಲಸ ಜಾಕಿನೊಳಗೂ ನಡೆಯುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ, ಶೂ ಪೆಟ್ಟಿಗೆಯಲ್ಲಿ ಸಿಗುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಅಕ್ಕಿ ಹಾಕಬೇಡಿ, ಅದರ ಹುಡಿ ತಿರುಗಣೆಯೊಳಗೆ ಸೇರುತ್ತದೆ. ತಿಂಗಳುಗಟ್ಟಲೆ ನುಡಿಸದಿದ್ದರೆ ಬ್ಯಾಟರಿ ತೆಗೆದಿಡಿ. ಜಾಕಿಗೆ ಎಲೆಕ್ಟ್ರಾನಿಕ್ ಕಾಂಟ್ಯಾಕ್ಟ್ ಕ್ಲೀನರ್ ಮಾತ್ರ, ಹೊಲಿಗೆ ಮೆಷಿನಿನ ಎಣ್ಣೆ ಬೇಡ. ಸಿಡಿಲಿನ ಸಂಜೆ ಸ್ವಿಚ್ ಆಫ್ ಮಾಡಿದರೆ ಸಾಲದು, ಅಡಾಪ್ಟರನ್ನು ಗೋಡೆಯಿಂದ ಕಿತ್ತಿಡಿ.

ಹಾಗೆ ನೋಡಿಕೊಂಡರೆ ಈ ಪೆಟ್ಟಿಗೆಗಳು ಬಹಳ ಬಾಳುತ್ತವೆ. ಉಡುಪಿಯ ನನ್ನ ರೂಮಿನಲ್ಲಿರುವ ಓವರ್‌ಡ್ರೈವ್ ನನಗಿಂತ ಮೊದಲು ಇಬ್ಬರ ಕೈ ದಾಟಿ ಬಂದದ್ದು. ಬಣ್ಣ ಹೋಗಿದೆ, ದನಿ ಹೋಗಿಲ್ಲ.

ಅಂಗಡಿಗೆ ಹೋಗುವ ಮೊದಲು, ಸ್ಕ್ರೀನ್‌ಶಾಟ್ ತೆಗೆದಿಡಿ

1. ನನ್ನ ವಯರು ಕೊನೆಗೆ ಎಲ್ಲಿಗೆ? ಆಂಪಿಗೆ, ಮಿಕ್ಸರಿಗೆ, ಹೆಡ್‌ಫೋನಿಗೆ?
2. ನಾನು ನುಡಿಸುವ ಹತ್ತು ಹಾಡುಗಳಲ್ಲಿ ಯಾವ ಎಫೆಕ್ಟು ಐದರಲ್ಲಾದರೂ ಬೇಕು? ಅದೇ ಮೊದಲ ಪೆಡಲ್.
3. ಅಡಾಪ್ಟರು, ಕೇಬಲು ಸೇರಿ ಬಜೆಟ್ ಎಷ್ಟು?
4. ನನ್ನದೇ ಗಿಟಾರಿನಲ್ಲಿ, ಅಂಗಡಿಯ ದೊಡ್ಡ ಆಂಪಿನಲ್ಲಲ್ಲ, ನನ್ನದರಂಥ ಸಣ್ಣ ಆಂಪಿನಲ್ಲಿ ಕೇಳಿದೆನಾ?
5. ಬಿಲ್ಲು, ವಾರಂಟಿ ಕಾರ್ಡು ಸಿಕ್ಕಿತಾ?

ಎರಡನೆಯ ಪ್ರಶ್ನೆಗೆ ಪ್ರಾಮಾಣಿಕ ಉತ್ತರ "ಯಾವುದೂ ಬೇಡ" ಅಂತ ಬಂದರೆ ಬೇಸರ ಬೇಡ. ಒಂದು ಜೊತೆ ಹೊಸ ತಂತಿ ಹಾಕಿಸಿ, ಗಿಟಾರ್ ಸೆಟಪ್ ಮಾಡಿಸಿ, ಉಳಿದ ದುಡ್ಡು ಇಟ್ಟುಕೊಳ್ಳಿ. ಶ್ರುತಿ ತಪ್ಪಿದ ಗಿಟಾರಿಗೆ ಯಾವ ಪೆಡಲ್ ಒತ್ತಿದರೂ ಶ್ರುತಿ ತಪ್ಪಿದ್ದೇ ಜೋರಾಗಿ ಕೇಳುವುದು.

ಮುಂದಿನ ಸಲ ಗಿಟಾರ್ ಕೇಬಲ್ ಮನೆಯಲ್ಲೇ ಬೆಸುಗೆ ಹಾಕುವುದು ಹೇಗೆ ಅಂತ ನೋಡುವ. ನಿಮ್ಮ ಪ್ರಶ್ನೆ ಕಳಿಸುವಾಗ ಬಜೆಟ್ಟಿನ ಜೊತೆ ಎಲ್ಲಿ ನುಡಿಸುತ್ತೀರಿ ಅಂತಲೂ ಬರೆಯಿರಿ, ಉತ್ತರ ಅರ್ಧ ಅಲ್ಲೇ ಇರುತ್ತದೆ.